ಕರೆಂಟ್ ತೆಗೆದ ನೀರಿಗೆ ಸತ್ವ ಇರುವುದಿಲ್ಲವೇ? ಎಂಜಿನಿಯರ್ ಹಾಗೆ ಯೋಚಿಸಿ ನೋಡೋಣ

"ಡ್ಯಾಮಿನಲ್ಲಿ ನೀರಿನಿಂದ ಕರೆಂಟ್ ತೆಗೆದುಬಿಡುತ್ತಾರೆ. ಆಮೇಲೆ ಆ ನೀರಿಗೆ ಸತ್ವ ಇರುವುದಿಲ್ಲ, ಅದಕ್ಕೇ ಬೆಳೆ ಬರುವುದಿಲ್ಲ." ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಿಜವೇ?

ಇದನ್ನು ಪರೀಕ್ಷಿಸಲು ಎಂಜಿನಿಯರಿಂಗ್ ಡಿಗ್ರಿ ಬೇಡ, ಎಂಜಿನಿಯರ್‌ಗಳು ಯೋಚಿಸುವ ಕ್ರಮ ಸಾಕು: ಸಮಸ್ಯೆ ಏನೆಂದು ಸ್ಪಷ್ಟಪಡಿಸಿಕೊಳ್ಳುವುದು, ಅಳೆಯುವುದು, ಹೋಲಿಸುವುದು, ಕಡಿಮೆ ಖರ್ಚಿನಲ್ಲಿ ಪರೀಕ್ಷಿಸುವುದು.

ನೀರಿನಿಂದ ಏನು ತೆಗೆಯುತ್ತಾರೆ?

ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. ಅಲ್ಲಿಂದ ಬೀಳುವ ಸಾವಿರ ಲೀಟರ್ ನೀರಿನಿಂದ ಹೆಚ್ಚೆಂದರೆ 0.14 ಯೂನಿಟ್ ವಿದ್ಯುತ್ ಸಿಗುತ್ತದೆ. 9 ವಾಟ್‌ನ ಒಂದು ಎಲ್‌ಇಡಿ ಬಲ್ಬ್ ಸುಮಾರು 15 ಗಂಟೆ ಉರಿಯುವಷ್ಟು. ಈ ಶಕ್ತಿ ಬರುವುದು ನೀರು ಮೇಲಿನಿಂದ ಕೆಳಗೆ ಬೀಳುವುದರಿಂದ. ಟರ್ಬೈನ್ ಇಲ್ಲದಿದ್ದರೂ ನೀರು ಬಿದ್ದು ಅದನ್ನು ಕಳೆದುಕೊಳ್ಳುತ್ತದೆ; ಆಗ ನೀರು ಸುಮಾರು 0.12 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ, ಅಷ್ಟೆ. ನೀರಿನಲ್ಲಿ ಕರಗಿರುವ ಲವಣಗಳನ್ನು ಟರ್ಬೈನ್ ತೆಗೆಯುವುದಿಲ್ಲ.

ಹೊಲ ಏನು ಹೇಳುತ್ತದೆ?

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟೆಯಲ್ಲಿ 32 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರವಿದೆ. ಅಲ್ಲಿಂದ ಹೊರಬಿದ್ದ ನೀರು ಘಟಪ್ರಭಾ ನದಿಯಲ್ಲಿ ಹರಿದು ಧೂಪದಾಳದ ಒಡ್ಡಿಗೆ ಬರುತ್ತದೆ. ಅಲ್ಲಿಂದ ಎಡದಂಡೆ ಕಾಲುವೆ ಹಿಡಿದು ಗೋಕಾಕ, ಮೂಡಲಗಿ ಭಾಗದ ಹೊಲಗಳಿಗೆ ಹೋಗುತ್ತದೆ. ಆ ನೀರಿಗೇ ಕಬ್ಬು ಆಳೆತ್ತರ ಬೆಳೆಯುತ್ತಿದೆ. ನೀರಿನ ಸತ್ವ ಹೋಗಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಒಂದು ಅಂಶ ಮಾತ್ರ ನಿಜ. ಹೊಳೆಯ ಮೆಕ್ಕಲು ಮಣ್ಣಿನ ಬಹುಪಾಲು ಜಲಾಶಯದ ತಳದಲ್ಲಿ ನಿಂತುಬಿಡುತ್ತದೆ. ಆದರೆ ಅದಕ್ಕೆ ಕಾರಣ ನೀರು ನಿಲ್ಲುವುದು, ಕರೆಂಟ್ ತೆಗೆಯುವುದಲ್ಲ.

ಹಾಗಾದರೆ ಬೆಳೆ ಏಕೆ ಬರುತ್ತಿಲ್ಲ?

ಅದೇ ಕಾಲುವೆಯ ನೀರು ಹಾಯಿಸಿದ ಪಕ್ಕದ ಹೊಲ ಚೆನ್ನಾಗಿದೆಯೇ ನೋಡಿ. ಚೆನ್ನಾಗಿದ್ದರೆ ನೀರಿನ ಮೇಲೆ ತಪ್ಪು ಹೊರಿಸುವ ಮೊದಲು ನಿಮ್ಮ ಮಣ್ಣನ್ನು ನೋಡಬೇಕು. ನೀರಾವರಿ ಪ್ರದೇಶದ ಕಪ್ಪು ಮಣ್ಣಿನಲ್ಲಿ ಅತಿಯಾಗಿ ನೀರು ಹಾಯಿಸಿ, ಬಸಿದು ಹೋಗಲು ದಾರಿ ಇಲ್ಲದಿದ್ದರೆ ಭೂಮಿ ಸವಳು-ಜವಳಾಗುತ್ತದೆ. ನೆಲದ ಮೇಲೆ ಬಿಳಿ ಉಪ್ಪು ಕಾಣುವುದು ಇದರ ಒಂದು ಲಕ್ಷಣ. ಆಗ "ಸತ್ವ ಇಲ್ಲ" ಎಂದು ಇನ್ನಷ್ಟು ನೀರು, ಇನ್ನಷ್ಟು ಯೂರಿಯಾ ಕೊಟ್ಟರೆ ಹಣವೂ ಹೋಗುತ್ತದೆ, ಭೂಮಿಯೂ ಕೆಡುತ್ತದೆ.

ಮಾಡಬೇಕಾದ್ದು ಇಷ್ಟು: ಹೊಲದ ಏಳೆಂಟು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋದಷ್ಟು ಪರೀಕ್ಷೆಗೆ ಕೊಡಿ. ಚೆನ್ನಾಗಿರುವ ಜಾಗದ ಮಣ್ಣು ಬೇರೆ, ಕೆಟ್ಟ ಜಾಗದ ಮಣ್ಣು ಬೇರೆ ಇರಲಿ. ರಸಸಾರ ಮತ್ತು ಲವಣಾಂಶವನ್ನು ಹೋಲಿಸಿ. ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಮುಂದಿನ ಸಲ ಇಂಥ ಮೆಸೇಜ್ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳೋಣ: ಇದನ್ನು ಅಳೆದು ನೋಡಿದವರು ಯಾರು?