ಹಂಚಿಕೊಂಡ ಕುಂಚ: ಜಿಂಪ್ ಬೆಳೆದು ಬಂದ ದಾರಿ

ದಾವಣಗೆರೆ ಸೀಮೆಯ ಕುಕ್ಕುವಾಡದಂಥ ಊರುಗಳಲ್ಲಿ ಇಂದು ಮದುವೆಯಿರಲಿ, ಗೃಹಪ್ರವೇಶವಿರಲಿ, ಜಾತ್ರೆಯಿರಲಿ, ಬಂದವರನ್ನು ಮೊದಲು ಸ್ವಾಗತಿಸುವುದು ಬ್ಯಾನರು. ನಡುವೆ ದೇವರ ಚಿತ್ರ, ಅಂಚಿನಲ್ಲಿ ಊರ ಹಿರಿಯರ ಸಾಲು ಮುಖಗಳು, ಹಿನ್ನೆಲೆಯಲ್ಲಿ ಆ ಊರು ಎಂದೂ ಕಂಡಿರದ ಒಂದು ಜಲಪಾತ! ಎಲ್ಲೆಲ್ಲೋ ತೆಗೆದ ಹತ್ತಾರು ಫೋಟೊಗಳನ್ನು ಕತ್ತರಿಸಿ, ಬಣ್ಣ ತಿದ್ದಿ, ಒಂದೇ ಹಾಳೆಯಲ್ಲಿ ಕೂರಿಸಿದ ಕೆಲಸ ಅದು.

ಹಿಂದೆ ಈ ಕೆಲಸ ಸ್ಟುಡಿಯೊದ ಕತ್ತಲೆ ಕೋಣೆಯಲ್ಲಿ ನಡೆಯುತ್ತಿತ್ತು. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಮುಖದ ಕಲೆಗಳನ್ನು ಮರೆಸುವವರಿದ್ದರು. ಕಪ್ಪು ಬಿಳುಪು ಚಿತ್ರಕ್ಕೆ ಕುಂಚದಿಂದ ಬಣ್ಣ ತುಂಬುವವರಿದ್ದರು. ಗಣಕಯಂತ್ರ ಬಂದ ಮೇಲೆ ಆ ಪೆನ್ಸಿಲ್, ಕುಂಚ, ಕತ್ತರಿಗಳೆಲ್ಲ ಒಂದು ತಂತ್ರಾಂಶದೊಳಗೆ ಸೇರಿಕೊಂಡವು. ಆದರೆ ಪೆನ್ಸಿಲ್ಲನ್ನು ಅಂಗಡಿಯಲ್ಲಿ ಕೊಂಡವನೇ ಅದರ ಒಡೆಯ. ತಂತ್ರಾಂಶದ ಒಡೆಯ ಯಾರು? ಜಿಂಪ್ ಎಂಬ ತಂತ್ರಾಂಶದ ಚರಿತ್ರೆ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ.

ಚಿತ್ರವೆಂದರೆ ಅಂಕಿಗಳ ರಾಶಿ

ಗಣಕದ ಪಾಲಿಗೆ ಫೋಟೊ ಎಂದರೆ ಅಂಕಿಗಳ ಕೋಷ್ಟಕ. ಉದ್ದಕ್ಕೆ ಸಾವಿರ, ಅಗಲಕ್ಕೆ ಸಾವಿರ ಚುಕ್ಕೆಗಳಿರುವ ಚಿತ್ರದಲ್ಲಿ ಒಟ್ಟು 10 ಲಕ್ಷ ಚುಕ್ಕೆಗಳು. ಸಾಮಾನ್ಯವಾಗಿ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಹೇಳುವ ಮೂರು ಅಂಕಿಗಳು. ಪ್ರತಿಯೊಂದು ಅಂಕಿಯೂ 0ಯಿಂದ 255ರ ಒಳಗೆ. ಮೂರೂ 0 ಆದರೆ ಕಡುಗಪ್ಪು, ಮೂರೂ 255 ಆದರೆ ಅಚ್ಚ ಬಿಳುಪು.

ಚಿತ್ರವನ್ನು ತಿದ್ದುವುದೆಂದರೆ ಈ ಅಂಕಿಗಳ ಮೇಲೆ ಲೆಕ್ಕ ನಡೆಸುವುದು. ಬೆಳಕು ಹೆಚ್ಚಿಸಬೇಕೇ? ಎಲ್ಲ ಅಂಕಿಗಳಿಗೂ ಒಂದಿಷ್ಟು ಕೂಡಿಸಿದರಾಯಿತು. ಆದರೆ 255 ಮೀರಿದ್ದೆಲ್ಲ ಅಲ್ಲಿಗೇ ನಿಲ್ಲುತ್ತದೆ. ಅತಿಯಾಗಿ ಬೆಳಗಿಸಿದ ಚಿತ್ರದಲ್ಲಿ ಬಿಳಿ ಪಂಚೆಯ ನೆರಿಗೆಗಳು ಮಾಯವಾಗುವುದು ಇದರಿಂದಲೇ. ಚಿತ್ರವನ್ನು ಮಸುಕಾಗಿಸಲು ಒಂದು ಚುಕ್ಕೆಯ ಜೊತೆಗೆ ಅದರ ನೆರೆಯ ಎಂಟು ಚುಕ್ಕೆಗಳನ್ನು ಸೇರಿಸಿ ಸರಾಸರಿ ತೆಗೆಯಬಹುದು. ಓರೆಯಾದ ಚಿತ್ರವನ್ನು ನೇರವಾಗಿಸಲು ಹೊಸ ಚಿತ್ರದ ಪ್ರತಿ ಚುಕ್ಕೆಯೂ ಹಳೆಯದರ ಯಾವ ಜಾಗದಿಂದ ಬಂತೆಂದು ಲೆಕ್ಕ ಹಾಕಬೇಕು. ಬ್ಯಾನರಿನಲ್ಲಿ ಮುಖಗಳನ್ನು ಜೋಡಿಸಲು ನೆರವಾಗುವುದು ಪದರಗಳು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ, ಒಂದನ್ನು ಸರಿಸಿದರೆ ಉಳಿದವು ಕದಲುವುದಿಲ್ಲ.

ವಿದ್ಯಾರ್ಥಿಗಳ ಸಾಹಸ

ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಸೋದರರು ರೂಪಿಸಿದ ಫೋಟೊಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಮುದ್ರಣ ಲೋಕವನ್ನೇ ಬದಲಿಸಿದ ಸಾಧನ ಅದು. ಆದರೆ ಬೆಲೆ ದುಬಾರಿ, ಒಳಗಿನ ಸೂತ್ರಗಳು ಕಂಪನಿಯ ಗುಟ್ಟು. ನಮ್ಮಲ್ಲಿ ಎಷ್ಟೋ ಮಂದಿ ಈ ವಿದ್ಯೆ ಕಲಿತದ್ದು ಕದ್ದ ಪ್ರತಿಗಳ ಮೂಲಕ ಎಂಬುದು ಎಲ್ಲರೂ ಬಲ್ಲ, ಯಾರೂ ಹೇಳದ ಸಂಗತಿ.

1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಚಿತ್ರ ತಿದ್ದುವ ಹೊಸ ತಂತ್ರಾಂಶ ಬರೆಯತೊಡಗಿದರು. ಎಕ್ಸ್‌ಸಿಎಫ್ ಎಂಬ ವಿದ್ಯಾರ್ಥಿ ಕೂಟದಲ್ಲಿ ಅವರ ಕೆಲಸ ನಡೆಯಿತು. ಜಿಂಪ್ ತನ್ನ ಕಡತಗಳ ಕೊನೆಗೆ ಇಂದಿಗೂ ಅಂಟಿಸುವ ಮೂರು ಅಕ್ಷರಗಳು ಆ ಕೂಟದ ಹೆಸರೇ. 1996ರಲ್ಲಿ ಅದು ಸಾರ್ವಜನಿಕರ ಕೈಗೆ ಬಂತು. ಅದೇ ವರ್ಷ ಲ್ಯಾರಿ ಯೂಯಿಂಗ್ ಎಂಬುವರು ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಹಕ್ಕಿಯನ್ನು ಬಿಡಿಸಿದ್ದು ಇದೇ ಜಿಂಪ್‌ನಲ್ಲಿ.

ಆದರೆ ಒಂದು ತೊಡಕಿತ್ತು. ಪರದೆಯ ಮೇಲಿನ ಗುಂಡಿ, ಪಟ್ಟಿಗಳನ್ನು ಮೂಡಿಸಲು ಆರಂಭದ ಜಿಂಪ್ ಬಳಸುತ್ತಿದ್ದುದು ಮೋಟಿಫ್ ಎಂಬ, ಹಣ ಕೊಟ್ಟು ಪಡೆಯಬೇಕಾದ ಸಲಕರಣೆ. ಬಾವಿ ಊರಿನದೇ ಆದರೂ ಹಗ್ಗ ಬಾಡಿಗೆಯದು ಎಂಬಂಥ ಸ್ಥಿತಿ! ಮ್ಯಾಟಿಸ್ ಆ ಹಗ್ಗವನ್ನೂ ಹೊಸೆಯಲು ಕುಳಿತರು. ಹಾಗೆ ಹುಟ್ಟಿದ ಜಿಟಿಕೆ ತಾಯಿಗಿಂತ ದೊಡ್ಡದಾಗಿ ಬೆಳೆಯಿತು. 1997ರಲ್ಲಿ ಶುರುವಾದ ಗ್ನೋಮ್, ಅಂದರೆ ಕೋಟ್ಯಂತರ ಲಿನಕ್ಸ್ ಬಳಕೆದಾರರ ಪರದೆಯ ವಿನ್ಯಾಸ, ನಿಂತಿರುವುದು ಅದರ ಮೇಲೆಯೇ.

ಅದೇ ಹೊತ್ತಿಗೆ ಓದು ಮುಗಿಸಿದ ಕಿಂಬಾಲ್ ಮತ್ತು ಮ್ಯಾಟಿಸ್ ಕೆಲಸ ಹಿಡಿದು ಹೊರಟುಹೋದರು. ಕಂಪನಿಯೊಂದರ ಸರಕಾಗಿದ್ದರೆ ಜಿಂಪ್ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಆರಂಭಿಸಿದ ಗ್ನು ಚಳವಳಿಯ ಪರವಾನಗಿಯಡಿ ಬಿಡುಗಡೆಯಾಗಿತ್ತು. ಯಾರು ಬೇಕಾದರೂ ಬಳಸಬಹುದು, ಒಳಗಿನ ಸೂತ್ರ ಓದಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಮುಂದಿನವರಿಗೂ ಅದೇ ಹಕ್ಕು ಕೊಡಬೇಕು, ಅಷ್ಟೇ ಷರತ್ತು. ಹಾಗಾಗಿ ಬೇರೆಯವರು ಕೆಲಸ ಕೈಗೆತ್ತಿಕೊಂಡರು. 1998ರ ಜೂನ್‌ನಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು.

'ಫ್ರೀ' ಎಂಬ ಇಂಗ್ಲಿಷ್ ಮಾತು ಇಲ್ಲಿ ಗೊಂದಲ ಹುಟ್ಟಿಸುತ್ತದೆ. ಕನ್ನಡಕ್ಕೆ ಆ ತೊಂದರೆಯಿಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ. ಜಿಂಪ್ ಉಚಿತವೂ ಹೌದು. ಆದರೆ ಅದು ಉಳಿದು ಬಂದದ್ದು ಸ್ವತಂತ್ರವಾಗಿದ್ದುದರಿಂದ.

ಕುಕ್ಕುವಾಡದ ಒತ್ತಕ್ಷರ

ಕನ್ನಡಿಗರಿಗೆ ಇನ್ನೊಂದು ಸವಾಲಿತ್ತು. 'ಕುಕ್ಕುವಾಡ' ಎಂಬ ಹೆಸರನ್ನೇ ನೋಡಿ. ಯೂನಿಕೋಡ್ ಪದ್ಧತಿಯಲ್ಲಿ ಇದು ಒಂಬತ್ತು ಸಂಕೇತಗಳ ಸಾಲು. ಕಕಾರಕ್ಕೆ ಕಕಾರದ ಒತ್ತು, ಅದಕ್ಕೆ ಉಕಾರದ ಕೊಂಬು ಎಲ್ಲೆಲ್ಲಿ ಕೂರಬೇಕೆಂಬ ಅರಿವು ತಂತ್ರಾಂಶಕ್ಕೆ ಇರಬೇಕು. ಇಲ್ಲವಾದರೆ ಅಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಡುತ್ತವೆ. ದುಬಾರಿ ತಂತ್ರಾಂಶಗಳಲ್ಲೂ ಈ ಕೊರತೆ ಬಹುಕಾಲ ಕಾಡಿತು. ವಿನ್ಯಾಸಕಾರರು ಹಳೆಯ ಬಗೆಯ ಫಾಂಟುಗಳಿಗೇ ಜೋತುಬಿದ್ದರು. 2004ರಲ್ಲಿ ಬಂದ ಜಿಂಪ್‌ನ ಎರಡನೆಯ ಆವೃತ್ತಿ ಅಕ್ಷರ ಮೂಡಿಸಲು ಪ್ಯಾಂಗೊ ಎಂಬ ಸ್ವತಂತ್ರ ಸಾಧನವನ್ನು ಬಳಸಿತು. ಜಗತ್ತಿನ ಹಲವು ಲಿಪಿಗಳಿಗಾಗಿಯೇ ರೂಪುಗೊಂಡ ಅದಕ್ಕೆ ಭಾರತೀಯ ಲಿಪಿಗಳ ಒತ್ತು, ಗುಣಿತಗಳ ಪರಿಚಯವಿದೆ. ಜಿಂಪ್‌ನ ಆಜ್ಞೆಗಳನ್ನು ಸ್ವಯಂಸೇವಕರು ಕನ್ನಡಕ್ಕೂ ಅನುವಾದಿಸಿದ್ದಾರೆ. ಯಾವ ಕಂಪನಿಯ ಅಪ್ಪಣೆಯನ್ನೂ ಅವರು ಕೇಳಬೇಕಾಗಲಿಲ್ಲ.

ಇದರ ಫಲ ಕಂಡದ್ದು ಹಣವಿಲ್ಲದವರ ನಡುವೆ. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಅಂಬೇಡ್ಕರ್ ಹೆಸರಿನ ಸಮುದಾಯ ಗಣಕ ಕೇಂದ್ರ ನಡೆಸಿದರು. ಅಲ್ಲಿನ ಮಕ್ಕಳು ಜಿಂಪ್‌ನಲ್ಲಿ ಬಿಡಿಸಿದ ಚಿತ್ರಗಳು ಗಮನ ಸೆಳೆದವು. ಗಡಿಯಾಚೆಯ ಕಾಸರಗೋಡಿನಲ್ಲಿಯೂ ಇದೇ ಮಾತು. ಕೇರಳ ಸರ್ಕಾರ ಶಾಲೆಗಳ ಗಣಕ ಶಿಕ್ಷಣವನ್ನು ಸ್ವತಂತ್ರ ತಂತ್ರಾಂಶಗಳ ಮೇಲೆ ಕಟ್ಟಿತು. ಹಾಗಾಗಿ ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಪಾಠದ ಭಾಗವಾಗಿಯೇ ಜಿಂಪ್ ಕಲಿತರು.

ಹೊಗಳಿಕೆಯ ಜೊತೆಗೆ ಕೊರತೆಗಳನ್ನೂ ಹೇಳಬೇಕು. ಅಚ್ಚುಕೂಟಕ್ಕೆ ಬೇಕಾದ ನಾಲ್ಕು ಬಣ್ಣಗಳ ಪದ್ಧತಿಯಲ್ಲಿ ಜಿಂಪ್ ಬಹುಕಾಲ ಹಿಂದುಳಿಯಿತು. ಕೈತುಂಬ ಸಂಬಳದ ಪಡೆಯಿಲ್ಲದೆ ಅದರ ನಡಿಗೆಯೂ ನಿಧಾನ. ಎರಡನೆಯ ಆವೃತ್ತಿಯಿಂದ ಮೂರನೆಯದಕ್ಕೆ, ಅಂದರೆ 2004ರಿಂದ 2025ರ ಮಾರ್ಚ್‌ಗೆ ಬರಲು 21 ವರ್ಷಗಳೇ ಬೇಕಾದವು. ಇಂಗ್ಲಿಷ್‌ನಲ್ಲಿ ಅದರ ಹೆಸರು ಅಂಗವಿಕಲರನ್ನು ಹಳಿಯುವ ಮಾತಾಗಿಯೂ ಬಳಕೆಯಲ್ಲಿರುವುದರಿಂದ ಕೆಲವರು 2019ರಲ್ಲಿ ಬೇರೆಯಾಗಿ, ಗ್ಲಿಂಪ್ಸ್ ಎಂಬ ಹೆಸರಿನಲ್ಲಿ ಪ್ರತ್ಯೇಕ ಆವೃತ್ತಿ ತಂದರು. ಎರಡು ವರ್ಷಗಳಲ್ಲೇ ಆ ಯತ್ನ ನಿಂತಿತು. ಬೇರೆಯಾಗುವ ಹಕ್ಕೂ ಸ್ವಾತಂತ್ರ್ಯದ ಭಾಗ. ಆದರೆ ಹಕ್ಕಿದ್ದರೆ ಸಾಲದು, ದುಡಿಯುವ ಕೈಗಳೂ ಬೇಕು.

2013ರಿಂದೀಚೆಗೆ ಫೋಟೊಶಾಪ್‌ನ ಹೊಸ ಆವೃತ್ತಿಗಳು ಚಂದಾ ಪದ್ಧತಿಗೆ ಸರಿದವು. ಚಂದಾ ನಿಂತರೆ ಸಾಧನವೂ ನಿಲ್ಲುತ್ತದೆ. ದಾವಣಗೆರೆಯಲ್ಲಿ ಡಿಟಿಪಿ ಕಲಿತು ಊರಿನಲ್ಲೇ ಅಂಗಡಿ ತೆರೆಯಬಯಸುವ ಹುಡುಗಿಯ ಮುಂದೆ ಮೂರು ದಾರಿಗಳಿವೆ. ಬಾಡಿಗೆ ಕಟ್ಟುವುದು, ಕದ್ದ ಪ್ರತಿ ಬಳಸುವುದು, ಇಲ್ಲವೇ ಜಗತ್ತು ಹಂಚಿಕೊಂಡದ್ದನ್ನು ಕಲಿತು ತನ್ನದಾಗಿಸಿಕೊಳ್ಳುವುದು. ಮೂರನೆಯದು ಸುಲಭವೆಂದಲ್ಲ. ಆದರೆ ತಲೆಯೆತ್ತಿ ನಡೆಯಬಹುದಾದ ಅಂಥದೊಂದು ದಾರಿ ಇದೆ ಎಂಬುದೇ ಆ ಇಬ್ಬರು ವಿದ್ಯಾರ್ಥಿಗಳು ಮತ್ತು ಅವರ ನಂತರ ದುಡಿದ ನೂರಾರು ಮಂದಿ ಬಿಟ್ಟುಹೋದ ಆಸ್ತಿ.