ಸ್ತನ ಕ್ಯಾನ್ಸರ್ ತಪಾಸಣೆಯ ವಿಮಾರಕ್ಷಣೆ: ಕರ್ನಾಟಕದಲ್ಲಿ ಅದರ ಇತಿಹಾಸ

ರೋಗದ ಲಕ್ಷಣ ಇನ್ನೂ ಪ್ರಕಟವಾಗದಿರುವ ಸ್ತ್ರೀಯರಲ್ಲಿ ಸ್ತನದ ಗಡ್ಡೆಯನ್ನು ಮುಂಚಿತವಾಗಿ ಕಂಡುಹಿಡಿಯುವ ಪರೀಕ್ಷೆಗಳ ವೆಚ್ಚವನ್ನು ಆಯಾ ಕುಟುಂಬದ ಮೇಲೆ ಬಿಡದೆ ವಿಮಾನಿಧಿಯೋ ಸರ್ಕಾರದ ಬೊಕ್ಕಸವೋ ವಹಿಸಿಕೊಳ್ಳುವ ಏರ್ಪಾಡಿಗೆ ‘ಸ್ತನ ಕ್ಯಾನ್ಸರ್ ತಪಾಸಣೆಯ ವಿಮಾರಕ್ಷಣೆ’ ಎಂಬ ಹೆಸರು ಸಲ್ಲುತ್ತದೆ. ಕರ್ನಾಟಕದಲ್ಲಿ ಇದರ ಇತಿಹಾಸವು ಎರಡು ಪ್ರತ್ಯೇಕ ಮಾರ್ಗಗಳಲ್ಲಿ ಸಾಗಿತು: ಗಡ್ಡೆಯನ್ನು ತೆಗೆಯುವ ಶಸ್ತ್ರಕ್ರಿಯೆಗೆ ವಿಮೆ ಒದಗಿತು, ಗಡ್ಡೆಯನ್ನು ಹುಡುಕುವ ಕಾರ್ಯವಾದರೋ ಆರೋಗ್ಯ ಇಲಾಖೆಯ ಪಾಲಿಗೆ ಬಂದಿತು. ಈ ಎರಡು ಮಾರ್ಗಗಳ ನಡುವೆ ಉಳಿದ ಅಂತರವೇ ಪ್ರಕೃತ ವಿಷಯದ ತಿರುಳಾದ್ದರಿಂದ, ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂತಹ ಗ್ರಾಮಗಳನ್ನೂ, ನೆರೆಯ ಹೊನ್ನಾಳಿ, ಅದರಿಂದ ಬೇರ್ಪಟ್ಟ ನ್ಯಾಮತಿ, ದೂರದ ಜಗಳೂರು ಇವುಗಳನ್ನೂ ದೃಷ್ಟಿಯಲ್ಲಿರಿಸಿಕೊಂಡು ಆ ಇತಿಹಾಸವನ್ನು ಇಲ್ಲಿ ನಿರೂಪಿಸಲಾಗಿದೆ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ (ಕ್ಯಾನ್ಸರ್) ಸಂಸ್ಥೆಯು 1973ರಲ್ಲಿ ಸ್ಥಾಪಿತವಾದ ಬಳಿಕವೂ ಬಹುಕಾಲ, ಮಧ್ಯ ಕರ್ನಾಟಕದ ಹಳ್ಳಿಯ ಹೆಣ್ಣುಮಗಳಿಗೆ ಕ್ಯಾನ್ಸರ್ ಚಿಕಿತ್ಸೆಯೆಂಬುದು ದೂರದ ರಾಜಧಾನಿಗೆ ಹೋಗಿ ಮಾಡಿಸಿಕೊಳ್ಳತಕ್ಕದ್ದಾಗಿಯೇ ಉಳಿದಿತ್ತು. 1986ರಲ್ಲಿ ಸಾರ್ವಜನಿಕ ಸಾಮಾನ್ಯ ವಿಮಾ ಕಂಪನಿಗಳು ಆರಂಭಿಸಿದ ಮೆಡಿಕ್ಲೇಮ್ ಪಾಲಿಸಿಯು ಆಸ್ಪತ್ರೆಯಲ್ಲಿ ದಾಖಲಾದವರ ವೆಚ್ಚಕ್ಕೆಂದು ರಚಿತವಾದುದು. ಕೇವಲ ಪರೀಕ್ಷೆಗೆಂದು ಹೋದವರಿಗೆ ಅದರಲ್ಲಿ ಸ್ಥಾನವಿರಲಿಲ್ಲ. ವಿಮೆಯ ನ್ಯಾಯಕ್ಕೆ ಇದು ಸಹಜವೇ ಸರಿ. ಆಕಸ್ಮಿಕವಾಗಿ ಒದಗುವ ನಷ್ಟವನ್ನು ತುಂಬಿಕೊಡುವುದು ವಿಮೆ, ಪ್ರತಿಯೊಬ್ಬರಿಗೂ ನಿಯತಕಾಲದಲ್ಲಿ ಬರತಕ್ಕ ವೆಚ್ಚವನ್ನು ಅದು ನಷ್ಟವೆಂದು ಎಣಿಸುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು ಈಚೆಗೆ ಎಲ್ಲ ಪಾಲಿಸಿಗಳಿಗೂ ಏಕರೂಪದ ವರ್ಜ್ಯಗಳ ಪಟ್ಟಿಯನ್ನು ರೂಪಿಸಿದಾಗಲೂ ‘ತನಿಖೆ ಮತ್ತು ಮೌಲ್ಯಮಾಪನ’ಕ್ಕಾಗಿಯೇ ಆದ ದಾಖಲಾತಿಯು ಆ ಪಟ್ಟಿಯಲ್ಲಿ ಉಳಿಯಿತು. ಆದಾಯತೆರಿಗೆಯ 80ಡಿ ವಿಧಿಯಲ್ಲಿ 2012ರ ಬಜೆಟ್ಟಿನಿಂದ ಮುನ್ನೆಚ್ಚರಿಕೆಯ ತಪಾಸಣೆಗೆ 5,000 ರೂಪಾಯಿಗಳ ವಿನಾಯಿತಿ ದೊರೆತುದು ನಿಜ. ತೆರಿಗೆ ಕಟ್ಟದ ಕೂಲಿಯವಳಿಗೆ ಅದರಿಂದ ಆಗಬೇಕಾದುದೇನೂ ಇಲ್ಲ.

ಗ್ರಾಮಗಳಿಗೆ ವಿಮೆ ಬಂದುದು ಯಶಸ್ವಿನಿ ಯೋಜನೆಯ ಮೂಲಕ. ಹೃದ್ರೋಗ ಶಸ್ತ್ರವೈದ್ಯ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ, ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ ರೂಪುಗೊಂಡು 2003ರಲ್ಲಿ ಕಾರ್ಯಾರಂಭ ಮಾಡಿದ ಈ ಯೋಜನೆಗೆ ವರ್ಷಕ್ಕೆ ತಲೆಗೆ 60 ರೂಪಾಯಿಗಳ ವಂತಿಗೆಯಿದ್ದಿತು. ಸಹಕಾರ ಸಂಘದ ಸದಸ್ಯರಾದವರೂ ಅವರ ಕುಟುಂಬದವರೂ ಇದಕ್ಕೆ ಅರ್ಹರು. ಶಸ್ತ್ರಕ್ರಿಯೆ ನಗದಿಲ್ಲದೆ ನಡೆಯುತ್ತಿತ್ತು. ಹೊರರೋಗಿಯಾಗಿ ವೈದ್ಯರನ್ನು ಕಾಣುವುದಕ್ಕೆ ಶುಲ್ಕವಿಲ್ಲ. ಪರೀಕ್ಷೆಗಳಿಗೆ ಮಾತ್ರ ರಿಯಾಯಿತಿ ದರ. ಈ ಕೊನೆಯ ಮಾತನ್ನು ಗಮನಿಸಬೇಕು. ರಿಯಾಯಿತಿಯೆಂದರೆ ಹಣವನ್ನು ರೋಗಿಯೇ ಕೊಡಬೇಕೆಂದರ್ಥ. ಅಡಿಕೆಯ ಸಂಘ, ಹಾಲಿನ ಸಂಘಗಳು ಬೇರೂರಿದ ಚನ್ನಗಿರಿಯ ಕಡೆ ‘ಯಶಸ್ವಿನಿ ಕಾರ್ಡು’ ತೋಟವುಳ್ಳ ಮನೆಗಳಿಗೆ ಸುಲಭವಾಗಿ ಎಟುಕುವಂಥದು. ಅದೇ ತೋಟದಲ್ಲಿ ಅಡಿಕೆ ಸುಲಿಯುವ ಹೆಂಗಸು ಯಾವ ಸಂಘದ ಪುಸ್ತಕದಲ್ಲೂ ಇಲ್ಲದಿದ್ದರೆ ಅವಳು ಯೋಜನೆಯ ಹೊರಗೇ ನಿಲ್ಲಬೇಕಾಗುತ್ತಿತ್ತು.

ಅಂಥವರಿಗೆಂದು ಬಂದುದು ವಾಜಪೇಯಿ ಆರೋಗ್ಯಶ್ರೀ ಯೋಜನೆ. ಬಿಪಿಎಲ್ ಕಾರ್ಡುಳ್ಳ ಕುಟುಂಬಗಳಿಂದ ಯಾವ ವಂತಿಗೆಯನ್ನೂ ತೆಗೆದುಕೊಳ್ಳದೆ, ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ವ್ಯಾಧಿ ಮುಂತಾದ ಘೋರ ರೋಗಗಳಿಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಗಳವರೆಗೂ, ಅಗತ್ಯಬಿದ್ದರೆ ಇನ್ನೂ ಐವತ್ತು ಸಾವಿರದವರೆಗೂ ವೆಚ್ಚವನ್ನು ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಭರಿಸುತ್ತಿತ್ತು. ಆದರೆ ಇದು ಏಕಕಾಲದಲ್ಲಿ ಎಲ್ಲೆಡೆ ಬರಲಿಲ್ಲ. 2010ರಲ್ಲಿ ಗುಲ್ಬರ್ಗಾ ವಿಭಾಗದಲ್ಲಿಯೂ ಅನಂತರ ಬೆಳಗಾವಿ ವಿಭಾಗದಲ್ಲಿಯೂ ಆರಂಭವಾಗಿ, 2012ರಲ್ಲಿ ಬೆಂಗಳೂರು ಮತ್ತು ಮೈಸೂರು ವಿಭಾಗಗಳಿಗೆ ವಿಸ್ತರಿಸಿತು. ದಾವಣಗೆರೆ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಸೇರಿದುದಾದ್ದರಿಂದ ಈ ನಡುವಣ ಕಾಲದಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಒದಗಿತು. ಹೊನ್ನಾಳಿಯ ಎಲ್ಲೆ ದಾಟಿ ಹಾವೇರಿ ಜಿಲ್ಲೆಗೆ ಕಾಲಿಟ್ಟರೆ, ಜಗಳೂರಿನಿಂದ ಕೂಡ್ಲಿಗಿಯ ಕಡೆಗೆ ನಡೆದರೆ, ಅಲ್ಲಿಯ ಬಡ ಸ್ತ್ರೀಯ ಸ್ತನ ಕ್ಯಾನ್ಸರಿಗೆ ಸರ್ಕಾರ ಹಣ ಕೊಡುತ್ತಿತ್ತು, ಈಚೆಯವಳಿಗೆ ಇಲ್ಲ. ಭಾಷೆ ಒಂದೇ, ಬೆಳೆಯೂ ಬಡತನವೂ ಹೆಚ್ಚುಕಡಿಮೆ ಒಂದೇ ಆಗಿದ್ದ ಈ ಸೀಮೆಯಲ್ಲಿ ಕಂದಾಯ ವಿಭಾಗದ ಒಂದು ಗೆರೆಯು ಜನರನ್ನು ಇಬ್ಭಾಗ ಮಾಡಿತು.

ಆಡಳಿತದ ಈ ಅನುಕ್ರಮವೇ ಸಂಶೋಧಕರಿಗೆ ಅಪೂರ್ವವಾದ ಒಂದು ಪ್ರಯೋಗಶಾಲೆಯಾಗಿ ಪರಿಣಮಿಸಿತು. ನೀರಜ್ ಸೂದ್ ಮತ್ತು ಸಂಗಡಿಗರು ಯೋಜನೆಯ ಎಲ್ಲೆಯ ಒಳಗೂ ಹೊರಗೂ ಇದ್ದ ಗ್ರಾಮಗಳ ಕುಟುಂಬಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆಗೆ ಒಳಪಟ್ಟ ವ್ಯಾಧಿಗಳಿಂದ ಸಂಭವಿಸಿದ ಮರಣದ ಪ್ರಮಾಣ ಅರ್ಹ ಬಡಕುಟುಂಬಗಳಲ್ಲಿ ಶೇ. 0.32 ಇದ್ದರೆ ಎಲ್ಲೆಯಾಚೆಯ ಅಂಥವೇ ಕುಟುಂಬಗಳಲ್ಲಿ ಶೇ. 0.90 ಇದ್ದಿತು. ವಿಮೆಯಿಂದ ಜೀವ ಉಳಿಯುತ್ತದೆಯೆಂಬುದಕ್ಕೆ ಇಷ್ಟು ಸ್ಪಷ್ಟವಾದ ಪ್ರಮಾಣ ವಿರಳ. ಪ್ರಕೃತ ವಿಷಯಕ್ಕೆ ಇನ್ನೊಂದು ಅಂಶವೂ ಮುಖ್ಯ: ಯೋಜನೆಗೆ ಸೇರಿದ ಆಸ್ಪತ್ರೆಗಳು ಗ್ರಾಮಾಂತರದಲ್ಲಿ ಶಿಬಿರಗಳನ್ನು ನಡೆಸಿ ರೋಗಿಗಳನ್ನು ಗುರುತಿಸತಕ್ಕದ್ದೆಂಬ ವಿಧಿ ಇತ್ತು. ತಪಾಸಣೆಯು ವಿಮೆಯ ಹೊಸ್ತಿಲನ್ನು ಮುಟ್ಟಿದ್ದು ಈ ಶಿಬಿರಗಳಲ್ಲಿ. ಆದರೂ ಶಿಬಿರದ ಉದ್ದೇಶ ರೋಗಿಯನ್ನು ಶಸ್ತ್ರಕ್ರಿಯೆಗೆ ಕರೆತರುವುದು. ನೋವಿಲ್ಲದ ಹೆಂಗಸು ‘ನನಗೇನಾಗಿದೆ’ ಎಂದು ಶಿಬಿರಕ್ಕೆ ಹೋಗುವ ಕಾರಣವಿರಲಿಲ್ಲ, ಸ್ತನ ಕ್ಯಾನ್ಸರಿನ ಗಡ್ಡೆಯಾದರೋ ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.

2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕವೆಂಬ ಹೆಸರಿನಲ್ಲಿ ಯಶಸ್ವಿನಿ, ಆರೋಗ್ಯಶ್ರೀ ಮುಂತಾದ ಯೋಜನೆಗಳನ್ನು ಒಂದುಗೂಡಿಸಿ, ಅದೇ ವರ್ಷದ ಕೊನೆಯ ಭಾಗದಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಬೆಸೆಯಲಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯವರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯದ ಚಿಕಿತ್ಸೆಗೆ ಅಲ್ಲಿಂದ ರೆಫರಲ್ ಚೀಟಿ ಪಡೆದು ಬೇರೆಡೆಗೆ ಹೋಗಬೇಕು. ಸ್ತನವನ್ನು ತೆಗೆಯುವ ಶಸ್ತ್ರಕ್ರಿಯೆ, ಕೀಮೋಥೆರಪಿ, ವಿಕಿರಣ ಚಿಕಿತ್ಸೆ ಇವೆಲ್ಲ ಪಟ್ಟಿಯಲ್ಲಿವೆ. ಲಕ್ಷಣವಿಲ್ಲದವಳ ಮ್ಯಾಮೋಗ್ರಾಂ, ಎಂದರೆ ಸ್ತನದ ಎಕ್ಸ್-ರೇ ಪರೀಕ್ಷೆ, ಇಲ್ಲ. ಯಶಸ್ವಿನಿಯು 2023ರ ಆರಂಭದಿಂದ ಪುನಃ ಪ್ರತ್ಯೇಕವಾಗಿ ಚಾಲ್ತಿಗೆ ಬಂದಿತು. ಗ್ರಾಮೀಣ ಸಹಕಾರಿಗಳಿಗೆ ನಾಲ್ವರ ಕುಟುಂಬಕ್ಕೆ 500 ರೂಪಾಯಿ ವಂತಿಗೆ.

ತಪಾಸಣೆಯ ಮಾರ್ಗವನ್ನು ಸಂಕ್ಷೇಪವಾಗಿ ಹೇಳಬಹುದು. 2010ರಲ್ಲಿ ದೇಶದ 100 ಜಿಲ್ಲೆಗಳಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಮುಂದುವರಿಕೆಯಾಗಿ, 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 30ರಿಂದ 65 ವಯಸ್ಸಿನ ಸ್ತ್ರೀಯರಿಗೆ ಐದು ವರ್ಷಗಳಿಗೊಮ್ಮೆ ತರಬೇತಿ ಪಡೆದವರಿಂದ ಸ್ತನವನ್ನು ಕೈಯಿಂದ ಮುಟ್ಟಿ ಪರೀಕ್ಷಿಸುವ ಕ್ರಮವನ್ನು ನಿಗದಿಮಾಡಿತು. ಮ್ಯಾಮೋಗ್ರಾಂ ಯಂತ್ರಗಳು ಸಾಕಷ್ಟಿಲ್ಲದ ದೇಶಕ್ಕೆ ಇದು ಬಡವರ ಸಮಾಧಾನವಷ್ಟೇ ಎಂದು ತಿಳಿಯಬಾರದು: ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು 1998ರಿಂದ ಒಂದೂವರೆ ಲಕ್ಷ ಸ್ತ್ರೀಯರಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ವರ್ಷಕ್ಕೊಮ್ಮೆ ನಡೆದ ಇಂತಹ ಪರೀಕ್ಷೆಯಿಂದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಮರಣ ಸುಮಾರು ಶೇ. 30ರಷ್ಟು ಕುಗ್ಗಿತು; ಕಿರಿಯರಲ್ಲಿ ಅಂತಹ ಲಾಭ ಕಂಡುಬರಲಿಲ್ಲ. ಆಚರಣೆಯಲ್ಲಿ ಮಾತ್ರ ಕಾರ್ಯಕ್ರಮ ಹಿಂದುಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ, 30ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಎಂದಾದರೊಮ್ಮೆ ಸ್ತನಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರಿಗಿಂತ ಕಡಿಮೆ.

ವಿಮೆಯೇ ತಪಾಸಣೆಯ ಹೊಣೆ ಹೊತ್ತ ದೇಶಗಳಲ್ಲಿ ವಿವಾದದ ಸ್ವರೂಪ ಬೇರೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವೃದ್ಧರ ವಿಮೆಯಾದ ಮೆಡಿಕೇರ್ 1991ರಿಂದ ಮ್ಯಾಮೋಗ್ರಾಮನ್ನು ಒಳಗೊಂಡಿತು. 2010ರ ಆರೋಗ್ಯ ಶಾಸನವು ತಜ್ಞಮಂಡಲಿಯು ಶಿಫಾರಸು ಮಾಡಿದ ಪರೀಕ್ಷೆಗಳಿಗೆ ರೋಗಿಯಿಂದ ಏನನ್ನೂ ವಸೂಲು ಮಾಡಕೂಡದೆಂದು ವಿಧಿಸಿತು. ಆದರೆ ಅದೇ ಮಂಡಲಿಯು 2009ರಲ್ಲಿ 50ಕ್ಕಿಂತ ಕಿರಿಯರಿಗೆ ನಿಯತ ಮ್ಯಾಮೋಗ್ರಾಮನ್ನು ಶಿಫಾರಸು ಮಾಡದಿದ್ದುದರಿಂದ ನಲವತ್ತರ ಹರೆಯದವರ ರಕ್ಷಣೆಯೇ ಅಳಿಯುವ ಭೀತಿಯುಂಟಾಗಿ, ಶಾಸನಸಭೆಯು ವಿಶೇಷ ವಿಧಿಗಳ ಮೂಲಕ ಅದನ್ನು ಕಾಪಾಡುತ್ತ ಬಂದಿತು. 2024ರಲ್ಲಿ ಮಂಡಲಿಯು 40ರಿಂದಲೇ ಎರಡು ವರ್ಷಕ್ಕೊಮ್ಮೆ ಎಂದು ತನ್ನ ಶಿಫಾರಸನ್ನು ಬದಲಿಸಿತು. ಮಂಡಲಿಯ ರಚನೆಯನ್ನೇ ಪ್ರಶ್ನಿಸಿದ ವ್ಯಾಜ್ಯವನ್ನು 2025ರ ಜೂನಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ನಮ್ಮಲ್ಲಿ ಇಂತಹ ವ್ಯಾಜ್ಯಕ್ಕೆ ಆಸ್ಪದವೇ ಇಲ್ಲ, ಏಕೆಂದರೆ ಕಸಿದುಕೊಳ್ಳತಕ್ಕ ಹಕ್ಕೊಂದನ್ನು ಯಾರೂ ಇನ್ನೂ ಕೊಟ್ಟಿಲ್ಲ.

ಮನೆಬಾಗಿಲಿಗೆ ಹೋಗಿ ಪರೀಕ್ಷಿಸುವ ಗೃಹ ಆರೋಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಪ್ರಾಯೋಗಿಕವಾಗಿ ಕೋಲಾರದಲ್ಲಿ ಆರಂಭಿಸಿತು. ಚನ್ನಗಿರಿಯ ಕಡೆ ಇಂತಹ ಪರೀಕ್ಷೆಯಲ್ಲಿ ಗಂಟೊಂದು ಕಂಡುಬಂದರೆ, ಹೆಂಗಸು ಅಲ್ಟ್ರಾಸೌಂಡಿಗೋ ಮ್ಯಾಮೋಗ್ರಾಮಿಗೋ ತಾಲ್ಲೂಕು ಕೇಂದ್ರವನ್ನು ದಾಟಿ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಯಂತ್ರವೂ ಸರದಿಯೂ ಕೂಡಿಬಂದರೆ ಸರಿ. ಇಲ್ಲದಿದ್ದರೆ ಖಾಸಗಿ ಲ್ಯಾಬಿನ ಶುಲ್ಕ, ಬಸ್ಸಿನ ಖರ್ಚು, ಆ ದಿನದ ಕೂಲಿಯ ನಷ್ಟ ಅವಳದೇ. ಆಸ್ಪತ್ರೆಗೆ ದಾಖಲಾಗುವುದಕ್ಕೆ ಮೊದಲಿನ ಮೂರು ದಿನಗಳ ಪರೀಕ್ಷೆಗಳನ್ನಷ್ಟೇ ಆಯುಷ್ಮಾನ್ ಪ್ಯಾಕೇಜು ಒಳಗೊಳ್ಳುತ್ತದೆಯಾದ್ದರಿಂದ, ಗಂಟು ಕ್ಯಾನ್ಸರಲ್ಲವೆಂದು ತಿಳಿದು ನೆಮ್ಮದಿಯಿಂದ ನಲ್ಲೂರಿಗೆ ಹಿಂದಿರುಗುವವಳಿಗೆ ಅದರಿಂದ ಒಂದು ರೂಪಾಯಿಯೂ ದೊರೆಯುವುದಿಲ್ಲ.