ಗಿಡದ ಬುಡದಲ್ಲೇ ಪಾಠ

ಸಕಲೇಶಪುರ, ಆಲೂರು ಕಡೆಯ ಕಾಫಿ ಬೆಳೆಗಾರರು ತರಬೇತಿಗೆ ಬಂದು ಕೂರುವ ಹೊತ್ತಿಗೆ ಅವರ ತೋಟ ಇಪ್ಪತ್ತು ಮೂವತ್ತು ವರ್ಷ ಪಾಠ ಹೇಳಿರುತ್ತದೆ. ಅದನ್ನು ಒಪ್ಪಿಕೊಂಡು ಮಾತು ಶುರುಮಾಡಲು ನಮ್ಮ ವಿಸ್ತರಣಾ ಸೇವೆಗೆ ಬಹಳ ಕಾಲ ಹಿಡಿಯಿತು.

1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. 1942ರ ಕಾಯ್ದೆ ಕಾಫಿ ಮಂಡಳಿಗೆ ಬುನಾದಿಯಾಯಿತು. ಮುಂದೆ ಮಂಡಳಿಯ ಸಂಪರ್ಕಾಧಿಕಾರಿಗಳು ತೋಟಗಳಿಗೆ ಬರತೊಡಗಿದರು. ಅದೇ 1940ರ ದಶಕದಲ್ಲಿ ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣವೂ ಚುರುಕಾಯಿತು. ಆದರೆ ಅಲ್ಲಿ ದೊಡ್ಡವರ ಕಲಿಕೆಯೆಂದರೆ ಮೊದಲು ಅಕ್ಷರ. ಕೃಷಿ ಇಲಾಖೆಗೆ 1970ರ ದಶಕದ ಕೊನೆಯಲ್ಲಿ ವಿಶ್ವಬ್ಯಾಂಕಿನ ನೆರವಿನ ‘ತರಬೇತಿ ಮತ್ತು ಭೇಟಿ’ ಪದ್ಧತಿ ಬಂತು: ಗೊತ್ತಾದ ದಿನ ಗೊತ್ತಾದ ಸಂದೇಶ. ಶಿಸ್ತಿತ್ತು, ನಿಜ. ರೈತನ ಪ್ರಶ್ನೆಗೆ ಜಾಗ ಕಡಿಮೆಯಿತ್ತು. ಅನುಭವವೇ ವಯಸ್ಕರ ಪಠ್ಯ ಎಂದು ಅಮೆರಿಕದ ಮಾಲ್ಕಮ್ ನೋಲ್ಸ್ ವಾದಿಸುತ್ತಿದ್ದುದೂ ಅದೇ ದಶಕದಲ್ಲಿ. 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಶುರುವಾದ ರೈತ ಕ್ಷೇತ್ರ ಪಾಠಶಾಲೆ ಅದನ್ನು ಮಾಡಿ ತೋರಿಸಿತು. ರೈತರೇ ಹುಳ ಎಣಿಸಿದರು, ಔಷಧಿ ಬೇಕೋ ಬೇಡವೋ ಅವರೇ ತೀರ್ಮಾನಿಸಿದರು.

ಅರೇಬಿಕಾ ತೋಟಕ್ಕೆ ಇದಕ್ಕಿಂತ ಹೊಂದುವ ವಿಧಾನ ನನಗೆ ಕಂಡಿಲ್ಲ. ಬಿಳಿ ಕಾಂಡಕೊರಕವನ್ನೇ ನೋಡಿ. ಸಭಾಂಗಣದ ಪರದೆಯ ಮೇಲೆ ಹುಳ ಅಂಗೈಯಗಲ ಕಾಣುತ್ತದೆ, ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಎಲೆ ಹಳದಿಯಾಗಿ ಬಾಡಿದ ಗಿಡದ ಬುಡಕ್ಕೆ ಕರೆದೊಯ್ದು, ಕಾಂಡ ಸವರಿಸಿ, ತೊಗಟೆಯ ಮೇಲೆದ್ದ ಏಣು ಬೆರಳಿಗೆ ಸಿಕ್ಕಮೇಲೆ ಸೀಳಿಸಬೇಕು. ಪುಡಿ ತುಂಬಿದ ಸುರಂಗ ಕಂಡಾಗ ಮಾತು ತಾನಾಗಿ ಹುಟ್ಟುತ್ತದೆ: ನೆರಳು ತೆಗೆಸಿದ ಪಟ್ಟೆಯಲ್ಲೇ ಏಕೆ ಹೆಚ್ಚು? ಬಿಸಿಲು ಬಿದ್ದ ಕಾಂಡದ ಮೇಲೆ ದುಂಬಿ ಮೊಟ್ಟೆಯಿಡಲು ಇಷ್ಟಪಡುತ್ತದೆ ಎಂಬ ಉತ್ತರವನ್ನು ಅರ್ಧ ಅವರೇ ಹೇಳುತ್ತಾರೆ. ಮೈಲುತುತ್ತಕ್ಕೆ ಸುಣ್ಣ ಬೆರೆಸುವ ಬೋರ್ಡೋ ದ್ರಾವಣದ್ದೂ ಹಾಗೆಯೇ. ಸುಣ್ಣ ಸಾಕೇ ಎಂದು ಭಾಷಣ ಬೇಡ. ಹೊಳೆಯುವ ಕಬ್ಬಿಣದ ಕತ್ತಿ ಅದ್ದಿಸಿದರೆ ಸಾಕು. ಅಂಚಿಗೆ ತಾಮ್ರದ ಬಣ್ಣ ಹತ್ತಿದರೆ ಇನ್ನೂ ಸುಣ್ಣ ಬೇಕು.

ದೋಣಿಗಾಲಿನ ಏಲಕ್ಕಿ ಸಂಶೋಧನಾ ಕೇಂದ್ರ ಸಕಲೇಶಪುರಕ್ಕೆ ಹತ್ತಿರವೇ ಇದೆ. ಏಲಕ್ಕಿಯಲ್ಲಿ ಕಟ್ಟೆ ರೋಗ ತಗಲಿದ ಬುಡವನ್ನು ಕಿತ್ತು ತೋರಿಸುವುದೂ ಇದೇ ಜಾತಿಯ ಪಾಠ.

2018ರಲ್ಲಿ ಕಾಫಿ ಮಂಡಳಿ ‘ಕಾಫಿ ಕೃಷಿ ತರಂಗ’ ಆರಂಭಿಸಿತು. ಚಿಕ್ಕಮಗಳೂರು, ಹಾಸನ ಜಿಲ್ಲೆಗಳ 30,000 ಬೆಳೆಗಾರರನ್ನು ಮೊದಲ ಹಂತದಲ್ಲಿ ಫೋನಿನಲ್ಲೇ ತಲುಪುವ ಯೋಜನೆ ಅದು. ಮಳೆಗಾಲದಲ್ಲಿ ಪಟ್ಟಣಕ್ಕೆ ಬರಲಾಗದವರಿಗೆ ಇದು ದೊಡ್ಡ ಆಸರೆ ಎಂದೇ ನನ್ನ ನಂಬಿಕೆ.

ನನ್ನನ್ನು ಕಾಡುವುದು ಬೇರೆ. ವರ್ಷಕ್ಕೆ ಎರಡು ಸಲ, ದುಂಬಿ ಹಾರುವ ಮುಂಚೆ, ಸಾಲು ಸಾಲು ನಡೆದು ಕಾಂಡಕೊರಕ ಹಿಡಿದ ಗಿಡ ಗುರುತಿಸುವವರು ಮೇಸ್ತ್ರಿ ಮತ್ತು ಆಳುಗಳು. ಫೋನಿನ ಸಲಹೆ ಬರುವುದು ತೋಟದ ಮಾಲೀಕರಿಗೆ.